ಪರಮಾಣುವನ್ನು ತೋರಿಸಿದ ಸೂಜಿ



ನಾನು ಶಾಲೆಯಲ್ಲಿ ಕಲಿಸುವುದು ಉರ್ದು ಮತ್ತು ಕನ್ನಡ. ಒಮ್ಮೆ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದಾಗ ಅವರ ಒಂಬತ್ತನೇ ತರಗತಿಗೆ ನಾನು ಹೋಗಬೇಕಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಪರಮಾಣುವನ್ನು ಯಾರಾದರೂ ನೋಡಿದ್ದಾರಾ?" ಎಂದು ಕೇಳಿದಳು. "ಇಲ್ಲಮ್ಮ, ಅದನ್ನು ನೋಡಲು ಸಾಧ್ಯವೇ ಇಲ್ಲ" ಎಂದುಬಿಟ್ಟೆ. ನಾನು ನಂಬಿದ್ದೂ ಅದನ್ನೇ. ಆಮೇಲೆ ಓದಿ ನೋಡಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ನಾನು ಹುಟ್ಟುವುದಕ್ಕೂ ಮೊದಲೇ ಆ ಉತ್ತರ ಹಳೆಯದಾಗಿ ಹೋಗಿತ್ತು. ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಅತಿ ಸಣ್ಣ ಕಣಕ್ಕೆ ಉರ್ದುವಿನಲ್ಲಿ 'ಜರ್ರಾ' ಎನ್ನುತ್ತೇವೆ. ಸೂರಾ ಜಿಲ್ಜಾಲ್ ಕಲಿತ ಪ್ರತಿ ಮಗುವಿಗೂ ಈ ಪದ ಗೊತ್ತು. ಒಡೆಯಲಾಗದ ಮೂಲಕಣವನ್ನು ಇಲ್ಮುಲ್ ಕಲಾಮಿನ ವಿದ್ವಾಂಸರು 'ಜೌಹರುಲ್ ಫರ್ದ್' ಎಂದು ಕರೆದು ಶತಮಾನಗಳ ಕಾಲ ಚರ್ಚಿಸಿದರು. ನಮ್ಮ ದೇಶದಲ್ಲಿ ಕಣಾದನ ವೈಶೇಷಿಕ ದರ್ಶನವೂ ಪರಮಾಣುವಿನ ಮಾತನ್ನಾಡಿತು. ಇವರೆಲ್ಲ ಪರಮಾಣುವನ್ನು ಬುದ್ಧಿಯಿಂದ ಊಹಿಸಿದರೇ ಹೊರತು ಕಂಡವರಲ್ಲ.

ಕಾಣದಿರಲು ಕಾರಣವೂ ಇತ್ತು. ಕ್ರಿ.ಶ. 965ರ ಸುಮಾರಿಗೆ ಬಸರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ 'ಕಿತಾಬುಲ್ ಮನಾಜಿರ್' ಎಂಬ ಗ್ರಂಥ ಬರೆದರು. ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ತಲುಪುವುದರಿಂದಲೇ ನಾವು ನೋಡುತ್ತೇವೆ ಎಂದು ಅವರು ಅದರಲ್ಲಿ ವಿವರಿಸಿದರು. ಆದರೆ ಬೆಳಕಿನ ಒಂದು ಅಲೆಯ ಉದ್ದ ಪರಮಾಣುವಿನ ಅಗಲಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ದೊಡ್ಡದು. ಆದ್ದರಿಂದ ಬೆಳಕಿನಿಂದ ಕೆಲಸ ಮಾಡುವ ಸೂಕ್ಷ್ಮದರ್ಶಕ ಎಷ್ಟೇ ಉತ್ತಮವಾಗಿದ್ದರೂ ಪರಮಾಣುವನ್ನು ತೋರಿಸಲಾರದು.

ಹಾಗಾದರೆ ದಾರಿ ಯಾವುದು? ಕತ್ತಲಲ್ಲಿ ಹಳೇಬೀಡಿನ ಶಿಲ್ಪದ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಕಣ್ಣಿಗೆ ಏನೂ ಕಾಣದು, ಆದರೆ ಬೆರಳಾಡಿಸಿದರೆ ಆನೆ ಯಾವುದು, ಕುದುರೆ ಯಾವುದು ಎಂದು ತಿಳಿಯುತ್ತದೆ. ವಿಜ್ಞಾನಿಗಳು ಹಿಡಿದದ್ದು ಇದೇ ದಾರಿಯನ್ನು.

1981ರ ಫೆಬ್ರವರಿಯಲ್ಲಿ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಾಹುಬಲಿ ಮೂರ್ತಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕ ನಡೆಯಿತು. 58 ಅಡಿ ಎತ್ತರದ ಆ ಮೂರ್ತಿಯನ್ನು ನೋಡಲು ಜನಸಾಗರವೇ ಸೇರಿತ್ತು. ಮುಂದಿನ ತಿಂಗಳು, ಮಾರ್ಚ್ 16ರ ರಾತ್ರಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಅವರ ತಂಡ ತಮ್ಮ ಉಪಕರಣದಿಂದ ಮೊದಲ ಸರಿಯಾದ ಅಳತೆ ಪಡೆಯಿತು. ಅದನ್ನು ನೋಡಲು ಜನ ಸೇರಿರಲಿಲ್ಲ. ಉಸಿರಾಟದಿಂದಲೂ ಉಪಕರಣ ಅಲುಗೀತೆಂದು ಇದ್ದ ಕೆಲವರೂ ಉಸಿರು ಬಿಗಿಹಿಡಿದಿದ್ದರು.

ಉಪಕರಣದ ತತ್ವ ಹೀಗಿದೆ. ತುದಿಯಲ್ಲಿ ಒಂದೇ ಪರಮಾಣು ಉಳಿಯುವಷ್ಟು ಚೂಪಾದ ಲೋಹದ ಸೂಜಿಯನ್ನು ವಸ್ತುವಿನ ಮೇಲ್ಮೈಗೆ ತಾಗದಂತೆ ಬಹಳ ಹತ್ತಿರ ತರುತ್ತಾರೆ. ನಡುವಿನ ಅಂತರ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಲ್ಪ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಆ ಖಾಲಿ ಜಾಗವನ್ನು ಸುರಂಗ ಕೊರೆದಂತೆ ದಾಟುತ್ತವೆ. ಇದಕ್ಕೆ 'ಟನೆಲಿಂಗ್' ಎಂದು ಹೆಸರು. ಅಂತರ ಒಂದು ನ್ಯಾನೋಮೀಟರಿನ ಹತ್ತನೇ ಒಂದು ಭಾಗ ಹೆಚ್ಚಿದರೆ ಸಾಕು, ವಿದ್ಯುತ್ ಪ್ರವಾಹ ಸುಮಾರು ಹತ್ತು ಪಟ್ಟು ತಗ್ಗುತ್ತದೆ. ಸೂಜಿಯನ್ನು ಹೊಲ ಉಳುವಂತೆ ಸಾಲು ಸಾಲಾಗಿ ಆಡಿಸಿ, ಈ ಪ್ರವಾಹವನ್ನು ಅಳೆದರೆ ಮೇಲ್ಮೈಯ ಉಬ್ಬುತಗ್ಗುಗಳ ಚಿತ್ರ ಮೂಡುತ್ತದೆ.

ಇವರ ಮೊದಲ ಲೇಖನವನ್ನು ಪತ್ರಿಕೆಯವರು ಒಪ್ಪಲಿಲ್ಲ. ಆದರೂ ಅವರು ಕೈಬಿಡಲಿಲ್ಲ. 1983ರಲ್ಲಿ ಸಿಲಿಕಾನ್ ಮೇಲ್ಮೈಯ ಪರಮಾಣುಗಳ ಜೋಡಣೆಯನ್ನು ತೋರಿಸಿದಾಗ ಜಗತ್ತು ನಂಬಿತು. 1986ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಿದ್ಯುತ್ ಹರಿಯದ ವಸ್ತುಗಳನ್ನೂ ತಡವಿ ನೋಡಬಲ್ಲ 'ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್' ಕೂಡ ಬಂದದ್ದು ಅದೇ ವರ್ಷ.

ಆದರೆ ಪರಮಾಣುಗಳು ಸುಮ್ಮನೆ ನಿಲ್ಲುವುದಿಲ್ಲ. ಬಿಸಿ ಇದ್ದಲ್ಲಿ ಅಲುಗಾಡುತ್ತಲೇ ಇರುತ್ತವೆ. ಇನ್ನು ಶುಚಿ ಮಾಡಿದ ಲೋಹವನ್ನು ಗಾಳಿಗೆ ಒಡ್ಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿಯ ಅಣುಗಳು ಅದನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಸೂಕ್ಷ್ಮ ಸಂಶೋಧನೆಗೆ ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಕೋಣೆ ಮತ್ತು ದ್ರವ ಹೀಲಿಯಂನ ಚಳಿ ಬೇಕು. ಹೀಲಿಯಂ ಅನ್ನು 1908ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಮೊದಲ ಬಾರಿ ದ್ರವವಾಗಿಸಿದ್ದರು. ಅದರ ಉಷ್ಣತೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂಥ ನಿರ್ವಾತದಲ್ಲಿ, ಅಂಥ ಚಳಿಯಲ್ಲಿ 1989ರಲ್ಲಿ ಅಮೆರಿಕದ ಡಾನ್ ಐಗ್ಲರ್ ಸೂಜಿಯ ತುದಿಯಿಂದ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ತಮ್ಮ ಸಂಸ್ಥೆಯ ಮೂರು ಅಕ್ಷರಗಳನ್ನು ಬರೆದರು. ನೋಡಲಾಗದು ಎಂದಿದ್ದ ಪರಮಾಣು ಅಕ್ಷರವಾಯಿತು!

ಇದು ಹೊರದೇಶದ ಮಾತಷ್ಟೇ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್, ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಇಂಥದೇ ಸೂಜಿಯಿಂದ ಲೋಹದ ಅತಿ ಸಣ್ಣ ಕಣಗಳನ್ನು ಪರೀಕ್ಷಿಸಿದರು. ಸುಮಾರು ಒಂದು ನ್ಯಾನೋಮೀಟರ್ ಗಾತ್ರಕ್ಕೆ ಇಳಿದಾಗ ಚಿನ್ನದಂಥ ಲೋಹವೂ ಲೋಹದ ಗುಣವನ್ನು ಕಳೆದುಕೊಳ್ಳುತ್ತದೆ ಎಂದು 1998ರಲ್ಲಿ ಪ್ರಕಟಿಸಿದರು. ನಮ್ಮ ಮನೆಯ ಒಡವೆಯ ಚಿನ್ನ ಅಷ್ಟು ಸಣ್ಣದಾದಾಗ ಬೇರೆಯೇ ವಸ್ತುವಿನಂತೆ ವರ್ತಿಸುತ್ತದೆ ಎಂದರೆ ಸೋಜಿಗವಲ್ಲವೇ?

ವಿದ್ಯಾರ್ಥಿಗಳೇ, ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ನೋಡಿದ್ದೀರಿ. ಅತಿ ದೂರದ್ದನ್ನು ನಿಯಂತ್ರಿಸುವ ಕೆಲಸ ನಮ್ಮ ಊರಲ್ಲೇ ನಡೆಯುತ್ತಿರುವಾಗ, ಅತಿ ಸಣ್ಣದ್ದನ್ನು ಅರಿಯುವ ಕೆಲಸ ನಮ್ಮದಲ್ಲ ಎಂದು ಹೊಳೆನರಸೀಪುರದ, ಅರಕಲಗೂಡಿನ ಮಗು ಏಕೆ ಅಂದುಕೊಳ್ಳಬೇಕು? ಉರ್ದು ಮಾಧ್ಯಮದಲ್ಲಿ ಓದಿದ ಎಷ್ಟೋ ಜಾಣ ಮಕ್ಕಳು ಇಂಗ್ಲಿಷಿಗೆ ಹೆದರಿ ಎಸ್ಸೆಸ್ಸೆಲ್ಸಿ ಆದ ಮೇಲೆ ವಿಜ್ಞಾನವನ್ನೇ ಬಿಡುತ್ತಾರೆ. ಇದು ನಮ್ಮೆಲ್ಲರ ನಷ್ಟ. ಇಂಥ ಪ್ರಯೋಗಾಲಯಕ್ಕೆ ದೊಡ್ಡ ಪದವಿಯವರಷ್ಟೇ ಸಾಲದು. ಲೇತ್, ವೆಲ್ಡಿಂಗ್, ಎಲೆಕ್ಟ್ರಾನಿಕ್ಸ್ ಬಲ್ಲ ಡಿಪ್ಲೊಮಾ, ಐಟಿಐ ಕಲಿತ ಕೈಗಳೂ ಬೇಕು. ಜ್ಯೂರಿಕ್‌ನ ಉಪಕರಣವನ್ನು ಕಟ್ಟುವಲ್ಲಿ ಜೊತೆಗಿದ್ದ ಕ್ರಿಸ್ಟೋಫ್ ಗೆರ್ಬರ್ ಅವರಿಗೆ ಮುಂದೆ 2016ರಲ್ಲಿ ಕಾವ್ಲಿ ಪ್ರಶಸ್ತಿಯ ಪಾಲು ದೊರೆಯಿತು.

ಪೋಷಕರಲ್ಲಿ, ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಪ್ರಶ್ನೆ ಕೇಳುವ ಮಗುವನ್ನು, ವಿಶೇಷವಾಗಿ ಹೆಣ್ಣುಮಗುವನ್ನು, ಸುಮ್ಮನಾಗಿಸಬೇಡಿ. ಶಿಕ್ಷಕ ಬಂಧುಗಳೇ, ಗೊತ್ತಿಲ್ಲದಿದ್ದರೆ "ನಾಳೆ ಓದಿಕೊಂಡು ಬಂದು ಹೇಳುತ್ತೇನೆ" ಎನ್ನಿ. ನಾನು ಹಾಗೆ ಅನ್ನಲಿಲ್ಲ. ಆ ಹುಡುಗಿ ಈ ಸಂಚಿಕೆಯನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಲಿ: ನೋಡಿದ್ದಾರಮ್ಮ, ಕಣ್ಣಿನಿಂದಲ್ಲ, ಸೂಜಿಯಿಂದ. ಮುಂದೊಂದು ದಿನ ನೀನೂ ನೋಡಬಹುದು.

ಅಲ್ಲಾಹನು ನಮ್ಮ ಮಕ್ಕಳಿಗೆ ಕೇಳುವ ಧೈರ್ಯವನ್ನೂ ಕಲಿಯುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.