ನೀರಿಗಿಳಿಯುವವರ ಫಾರ್ಮು

ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಮಾಡೋಕೆ ಹೋದವರಿಗೆ ಒಂದು ಫಾರ್ಮು ನೆನಪಿರಬಹುದು. ಆಸ್ತಮಾ ಇದೆಯಾ? ಫಿಟ್ಸ್ ಬಂದಿತ್ತಾ? ಕಿವಿಯ ಆಪರೇಷನ್ ಆಗಿದೆಯಾ? ನಾವು ಸಾಫ್ಟ್‌ವೇರಿನವರು ಆ್ಯಪ್‌ಗಳ ಷರತ್ತುಗಳನ್ನು ಓದದೇ ಒಪ್ಪಿಕೊಳ್ಳೋ ಸ್ಪೀಡಲ್ಲೇ ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡ್ತೀವಿ. ಆದರೆ ಆ ಪ್ರಶ್ನೆಗಳು ಸುಮ್ಮನೆ ಹುಟ್ಟಿದವಲ್ಲ. ಒಂದೊಂದಕ್ಕೂ ಯಾರೋ ಬೆಲೆ ತೆತ್ತಿದ್ದಾರೆ.

ಸರ್ಕಾರದ ಕೆಲಸಕ್ಕೆ ನೀರಿಗಿಳಿಯೋದು ನಮ್ಮ ಕಡೆ ಹಳೇ ಕಸುಬು. ಮನ್ನಾರ್ ಕೊಲ್ಲಿಯ ಮುತ್ತಿನ ಬೇಟೆ ಬ್ರಿಟಿಷರ ಕಾಲದಲ್ಲಿ ಸರ್ಕಾರದ ಆದಾಯವೇ ಆಗಿತ್ತು. ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ, ಒಂದೇ ಉಸಿರು. ಮುಳುಗುವವರ ಕಿವಿ, ಎದೆ ನೋಡೋ ಡಾಕ್ಟರ ಬದಲು ಶಾರ್ಕ್ ಮೀನಿನ ಬಾಯಿ ಕಟ್ಟುವ ಮಂತ್ರವಾದಿ ಇರುತ್ತಿದ್ದ. ಸಿಲೋನಿನಲ್ಲಿ ಅವನಿಗೆ ಸರ್ಕಾರದಿಂದಲೇ ಸಂಬಳ! ನಗು ಬರುತ್ತೆ, ನಿಜ. ಆದರೆ ಆ ಮಂತ್ರವಿಲ್ಲದೆ ಯಾರೂ ನೀರಿಗಿಳಿಯುತ್ತಿರಲಿಲ್ಲ ಅನ್ನೋದನ್ನ ಸರ್ಕಾರ ಅರ್ಥ ಮಾಡಿಕೊಂಡಿತ್ತು.

ವೈದ್ಯರು ಈ ಕಥೆಗೆ ಬಂದದ್ದು ಸೇತುವೆಗಳ ದೆಸೆಯಿಂದ. 1870ರ ಸುಮಾರಿಗೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ ಸೇತುವೆ ಕಟ್ಟುವಾಗ, ಗಾಳಿ ಒತ್ತಿ ತುಂಬಿದ ದೊಡ್ಡ ಪೆಟ್ಟಿಗೆಗಳನ್ನು ನದಿಯ ತಳಕ್ಕಿಳಿಸಿ, ಅದರೊಳಗೆ ಕೂಲಿಗಳು ಮಣ್ಣು ಅಗೆದರು. ಮೇಲೆ ಬಂದ ಮೇಲೆ ಕೈಕಾಲು ಸೆಟೆದುಕೊಂಡು ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಗೆ ನೇಮಕವಾದ ಡಾಕ್ಟರ್ ಜಾಮಿನೆ ತಾವೇ ಒಳಗೆ ಹೋಗಿ ನೋಡಿದರು, ಕೆಲವೇ ನಿಮಿಷದಲ್ಲಿ ಒತ್ತಡ ಇಳಿಸಿ ಹೊರಗೆ ಬಂದರು, ತಾವೇ ಪಾರ್ಶ್ವವಾಯುವಿಗೆ ತುತ್ತಾದರು. ಪುಣ್ಯಕ್ಕೆ ಚೇತರಿಸಿಕೊಂಡರು.

ಕಾರಣವನ್ನು 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ತೋರಿಸಿದ. ಒತ್ತಡದಲ್ಲಿ ರಕ್ತದೊಳಗೆ ಕರಗಿದ ನೈಟ್ರೋಜನ್, ಒತ್ತಡ ತಟ್ಟನೆ ಇಳಿದಾಗ ಗುಳ್ಳೆಯಾಗುತ್ತದೆ. ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು ಮೇಕೆಗಳ ಮೇಲೆ ಪ್ರಯೋಗ ಮಾಡಿ, ಹಂತ ಹಂತವಾಗಿ ಮೇಲೆ ಬರುವ ವೇಳಾಪಟ್ಟಿ ಕೊಟ್ಟರು. ಕೊಬ್ಬು ರಕ್ತಕ್ಕಿಂತ ಸುಮಾರು ಐದು ಪಟ್ಟು ನೈಟ್ರೋಜನ್ ಹೀರುತ್ತದೆ ಅನ್ನೋದೂ ಆಗ ಗೊತ್ತಿತ್ತು. ದಪ್ಪಗಿರುವವರನ್ನು ಆಳಕ್ಕೆ ಕಳಿಸಬೇಡಿ ಅನ್ನೋ ಸಲಹೆ ಬಂದದ್ದು ಹಾಗೆ.

ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ ಮೇಕೆ ಬಿಟ್ಟು ತನ್ನ ಮೇಲೇ ಪ್ರಯೋಗ ಮಾಡಿಕೊಂಡ. 1939ರಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಸಬ್‌ಮರೀನ್ ಮುಳುಗಿದ ಮೇಲೆ ಒತ್ತಡದ ಕೋಣೆಯಲ್ಲಿ ಕೂತ. ಈ ಪ್ರಯೋಗಗಳಲ್ಲಿ ಕಿವಿಯ ತಮಟೆ ಹರಿಯಿತು, ಆಮ್ಲಜನಕ ಹೆಚ್ಚಾಗಿ ಫಿಟ್ಸ್ ಬಂದು ಬೆನ್ನುಮೂಳೆ ಜಜ್ಜಿತು. 1957ರಲ್ಲಿ ಇದೇ ಹಾಲ್ಡೇನ್ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ಫಾರ್ಮಿನ ಪ್ರಶ್ನೆಗಳು ಅರ್ಥ ಆಗ್ತವೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಎಳೆದ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತೆ. ಆಸ್ತಮಾದಿಂದ ಗಾಳಿ ಒಳಗೇ ಸಿಕ್ಕಿಕೊಂಡರೆ ಶ್ವಾಸಕೋಶ ಹರಿಯಬಹುದು. ತಮಟೆಯಲ್ಲಿ ತೂತಿದ್ದರೆ ತಣ್ಣೀರು ಒಳಗೆ ನುಗ್ಗಿ ತಲೆ ಸುತ್ತಿ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲ್ಲ. ಫಿಟ್ಸ್ ಬಂದರೆ ಬಾಯಿಂದ ಗಾಳಿಯ ಕೊಳವೆ ಬಿದ್ದುಹೋಗುತ್ತೆ, ಅಷ್ಟೇ.

ಫಾರ್ಮಲ್ಲಿ ಇರದ ಒಂದು ಮಾತು ನಮ್ಮ ಘಟ್ಟದ ಕಡೆಯವರಿಗೆ. ಮುಳುಗಿ ಎದ್ದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕು ಅನ್ನುತ್ತಾರೆ. ವಿಮಾನಕ್ಕೆ ಮಾತ್ರ ಅಂದುಕೊಳ್ಳಬೇಡಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದರೂ, ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಬಂದರೂ ನೀವು ಸುಮಾರು 900 ಮೀಟರ್ ಮೇಲೆ. ಭಾನುವಾರ ಮುಳುಗಿ ಸೋಮವಾರದ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಓಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ವಿಜ್ಞಾನಿಗಳ ಕಥೆ ಬೇರೆ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆ ಸಂಶೋಧಕರಿಗೆ ಮುಳುಗುವ ತರಬೇತಿ ಶುರು ಮಾಡಿತು. ಅಮೆರಿಕ ಸರ್ಕಾರ 1977ರಲ್ಲಿ ವಾಣಿಜ್ಯ ಮುಳುಗುಗಾರರಿಗೆ ಕಟ್ಟುನಿಟ್ಟು ನಿಯಮ ತಂದಾಗ ವಿಜ್ಞಾನಿಗಳು ವಾದ ಮಾಡಿ, 1982ರಲ್ಲಿ ವಿನಾಯಿತಿ ಪಡೆದರು. ಷರತ್ತು ಒಂದು: ಪ್ರತಿ ಸಂಸ್ಥೆಗೂ ಒಂದು ಮಂಡಳಿ, ಅದರಲ್ಲಿ ಸ್ವತಃ ಮುಳುಗುವವರೇ ಬಹುಮತ. ಅಲ್ಲಿನ ಸಂಘದ ಮಾನದಂಡದಲ್ಲಿ 100 ಗಂಟೆಯ ತರಬೇತಿ, 12 ನಿಮಿಷದೊಳಗೆ 400 ಗಜ ಈಜು, ವೈದ್ಯಕೀಯ ತಪಾಸಣೆ 40 ವರ್ಷದೊಳಗಿನವರಿಗೆ ಐದು ವರ್ಷಕ್ಕೊಮ್ಮೆ, ಆಮೇಲೆ ಮೂರಕ್ಕೆ, 60 ದಾಟಿದರೆ ಎರಡಕ್ಕೆ.

ನಮ್ಮಲ್ಲಿ ಈ ಬಾಗಿಲು ತೆಗೆದವರು ಕನ್ನಡಿಗರು: ಶಿಕಾರಿಪುರ ರಂಗನಾಥ ರಾವ್. ಲೋಥಲ್ ಪತ್ತೆ ಮಾಡಿದ ಇದೇ ಎಸ್.ಆರ್. ರಾವ್, ಪುರಾತತ್ವ ಇಲಾಖೆಯಿಂದ ನಿವೃತ್ತರಾದ ಮೇಲೆ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಸಾಗರ ಪುರಾತತ್ವ ಕೇಂದ್ರ ಕಟ್ಟಿದರು. 1983ರಿಂದ ದ್ವಾರಕೆಯ ಸಮುದ್ರದಲ್ಲಿ ಹುಡುಕಾಟ. ಇತಿಹಾಸ ಓದಿದವರಿಗೆ ಮುಳುಗೋಕೆ ಬರಲ್ಲ, ಮುಳುಗುವವರಿಗೆ ಮಡಕೆ ಚೂರಿನ ಬೆಲೆ ಗೊತ್ತಿಲ್ಲ. ಹಾಗಾಗಿ ಪುರಾತತ್ವಜ್ಞರೇ ಮುಳುಗೋದು ಕಲಿಯಬೇಕಾಯ್ತು. 2001ರಲ್ಲಿ ಪುರಾತತ್ವ ಇಲಾಖೆಯೂ ತನ್ನದೇ ಜಲಾಂತರ್ಗತ ವಿಭಾಗ ಮಾಡಿಕೊಂಡಿತು. 2025ರ ಫೆಬ್ರುವರಿಯಲ್ಲಿ ದ್ವಾರಕೆಗೆ ಇಳಿದ ಅದರ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು.

ಇದೆಲ್ಲ ಓದುವಾಗ ನನಗೆ ಊರಿನವರು ನೆನಪಾಗ್ತಾರೆ. ಕಳಸದಲ್ಲಿ ಭದ್ರೆ, ಮೂಡಿಗೆರೆ ಕಡೆ ಹೇಮಾವತಿ. ಮಳೆಗಾಲದಲ್ಲಿ ಯಾರೋ ಗುಂಡಿಗೆ ಬಿದ್ದರೆ ಮೊದಲು ಹೇಳಿಕಳಿಸೋದು ಊರ ಈಜುಗಾರನಿಗೆ. ಮರುದಿನದ ಪೇಪರಲ್ಲಿ ಅವನು ‘ಮುಳುಗುತಜ್ಞ’. ನಮ್ಮ ಕಡೆ ಹಾಗೆ ಹೆಣ ತೆಗೆಯುತ್ತಿದ್ದ ಒಬ್ಬ ಅಣ್ಣನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಹೊಳೆಯೇ ತೆಗೆದುಕೊಂಡಿತು ಅಂತಿದ್ದರು. ಯಾರೂ ಅವರ ಕಿವಿ ನೋಡಿರಲಿಲ್ಲ, ಯಾವ ಫಾರ್ಮಿಗೂ ಸಹಿ ತಗೊಂಡಿರಲಿಲ್ಲ. ಸಿಕ್ಕಿದ್ದು ಊಟ, ಒಂದಿಷ್ಟು ದುಡ್ಡು.

ಮಡಕೆ ಚೂರು ಹುಡುಕುವವನ ಎದೆಯನ್ನು ಸರ್ಕಾರ ಸ್ಟೆತಸ್ಕೋಪ್ ಇಟ್ಟು ಕೇಳುತ್ತೆ, ಕೇಳಲೇಬೇಕು. ಹಾಗಾದರೆ ಮನುಷ್ಯರನ್ನು ಹುಡುಕುವವನದ್ದು? ಪ್ರತಿ ತಾಲೂಕಿನಲ್ಲೂ ಇಂಥವರ ಹೆಸರು ಪೊಲೀಸ್ ಠಾಣೆಗೆ ಗೊತ್ತಿರುತ್ತೆ. ಮಳೆಗಾಲ ಶುರುವಾಗೋ ಮುಂಚೆ ತಾಲೂಕು ಆಸ್ಪತ್ರೆಗೆ ಕರೆಸಿ, ಕಿವಿ, ಎದೆ, ಬಿಪಿ ನೋಡಿ, ಹೆಸರಿಗೆ ಒಂದು ವಿಮೆ ಮಾಡಿಸಿದರೆ ಎಷ್ಟು ಖರ್ಚಾದೀತು? ಮಂತ್ರವಾದಿಗೆ ಸಂಬಳ ಕೊಟ್ಟ ಸರ್ಕಾರಕ್ಕೂ ಇಷ್ಟು ಗೊತ್ತಿತ್ತು: ನೀರಿಗಿಳಿಸುವವನು ಇಳಿಯುವವನ ಜವಾಬ್ದಾರಿಯನ್ನೂ ಹೊರಬೇಕು.