ಮದರಾಸಿನಲ್ಲಿ ಜೀವಶಾಸ್ತ್ರ ಕಲಿತವರು, ಕಲಿಸಿದವರು

ಪ್ಲಸ್ ಟೂ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಕನ್ನಡ ಕುಟುಂಬಗಳು ಸೇರಿದೆಡೆಯಲ್ಲೆಲ್ಲ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ. "ಮಗಳು ಬಯಾಲಜಿ ಓದಿದ್ದಾಳೆ, ಮೆಡಿಕಲ್ ಸೀಟು ಸಿಕ್ಕದಿದ್ದರೆ ಏನು ಮಾಡಿಸುವುದು?" ಸಿಕ್ಕದಿದ್ದರೆ ಇನ್ನೊಂದು ವರ್ಷ ಕೋಚಿಂಗು, ಅದೂ ಆಗದಿದ್ದರೆ ಮತ್ತೊಂದು ವರ್ಷ, ಕೊನೆಗೆ ಬೇಸರದಿಂದ ಯಾವುದಾದರೊಂದು ಬಿ.ಎಸ್‌ಸಿ. ಹೀಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳೆಂಬ ಎರಡು ದೊಡ್ಡ ವಿದ್ಯೆಗಳು ನಮ್ಮ ಮನೆಗಳಲ್ಲಿ ಸೋತವರ ಪಾಲಿನ ಪ್ರಸಾದವಾಗಿಬಿಟ್ಟಿವೆ. ಇದೇ ಊರಿನಲ್ಲಿ ಆ ವಿದ್ಯೆಗಳನ್ನೇ ಬಯಸಿ ಕಲಿತ, ಕಲಿಸಿದ ಹಿರಿಯರ ಕಥೆಯನ್ನು ಒಮ್ಮೆ ನೆನೆದರೆ, ಹೊಸದಾಗಿ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳಿಗೆ ಏನು ಹೇಳಬೇಕೆಂಬುದು ಸ್ವಲ್ಪ ಸ್ಪಷ್ಟವಾದೀತೆಂದು ನಮಗೆ ತೋರುತ್ತದೆ.

ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರೂ ಇದರ ಪರೀಕ್ಷೆಗೇ ಕೂಡಬೇಕಾಗಿತ್ತು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲೇ ಇದ್ದವು. ಮಂಗಳೂರಿಗೆ 1907ರಲ್ಲಿ ರೈಲು ಬಂದ ಮೇಲಂತೂ ಆ ಕಡೆಯ ವಿದ್ಯಾರ್ಥಿಗಳಿಗೆ ಹೆಚ್ಚಿನ ಓದಿಗೆ ಮದರಾಸು ಸಹಜವಾದ ದಾರಿಯಾಯಿತು. ನಾವು ಈಗ ಹೊರನಾಡ ಕನ್ನಡಿಗರೆಂದು ಕರೆದುಕೊಳ್ಳುತ್ತೇವೆ. ಅಂದಿನವರಿಗೆ ಇದು ಹೊರನಾಡಾಗಿರಲಿಲ್ಲ, ತಮ್ಮದೇ ರಾಜಧಾನಿಯಾಗಿತ್ತು.

ವೈದ್ಯಕೀಯದ ಆಕರ್ಷಣೆ ಆಗ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಇಲ್ಲಿಯ ಮೆಡಿಕಲ್ ಕಾಲೇಜು 1835ರದು, ವಿಶ್ವವಿದ್ಯಾನಿಲಯಕ್ಕಿಂತ ಹಿರಿಯದು. ಆದರೂ ಕೆಲವರು ಬೇರೆ ಬಾಗಿಲು ತಟ್ಟಿದರು.

ಅಂಥವರಲ್ಲಿ ನಾವು ಮೊದಲು ಹೆಸರಿಸಬೇಕಾದವರು ಸಿ.ಆರ್. ನಾರಾಯಣರಾಯರು. 1882ರಲ್ಲಿ ಕೊಯಮತ್ತೂರಿನಲ್ಲಿ ಜನನ, ಬಳ್ಳಾರಿಯಲ್ಲಿ ಶಾಲೆ, ಅನಂತರ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ. ಆ ಕಾಲೇಜು ಆಗ ತಾಂಬರಂನಲ್ಲಿರಲಿಲ್ಲ. ಅಲ್ಲಿಗೆ ಹೋದದ್ದು 1937ರಲ್ಲಿ. ಅದಕ್ಕೆ ಮೊದಲು ಜಾರ್ಜ್ ಟೌನಿನ ಗದ್ದಲದ ನಡುವೆ ಇತ್ತು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಜೆ.ಆರ್. ಹೆಂಡರ್ಸನ್. ಏಡಿ, ಸೀಗಡಿಗಳ ವಿಷಯದಲ್ಲಿ ಪ್ರಮಾಣವೆನಿಸಿದ ವಿದ್ವಾಂಸರು, ಮುಂದೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದವರು. ಬೋಧಿಸುವ ಮೇಷ್ಟ್ರೇ ಸಂಶೋಧಕರೂ ಆಗಿದ್ದರೆ ಹುಡುಗನ ಮೇಲೆ ಅದರ ಪರಿಣಾಮ ಬೇರೆ. ಚಿನ್ನದ ಪದಕದೊಂದಿಗೆ ತೇರ್ಗಡೆಯಾದ ರಾಯರು ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಹೇಳಿ, ಬಳಿಕ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ 1937ರವರೆಗೆ ಸೇವೆ ಸಲ್ಲಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು ಅವರೇ. ಆ ಪತ್ರಿಕೆ ಇಂದಿಗೂ ಬರುತ್ತಿದೆ.

ರಾಯರು ಜೀವಮಾನವೆಲ್ಲ ಅಭ್ಯಸಿಸಿದ್ದು ಕಪ್ಪೆಗಳನ್ನು. ಮನೆಯವರು ಏನೆಂದರೋ ತಿಳಿಯದು! ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಅವರು 1937ರಲ್ಲಿ ವರ್ಣಿಸಿದರು. ಅವರು ಸಂಗ್ರಹಿಸಿಟ್ಟ ಮೂಲ ಮಾದರಿಗಳು ಮುಂದೆ ಕಳೆದುಹೋದದ್ದರಿಂದ, ಅವರು ಕಂಡ ಕಪ್ಪೆ ಇದೇ ಹೌದೇ ಎಂದು ನಿರ್ಣಯಿಸಲು ಇಂದಿನ ಸಂಶೋಧಕರು ಪಶ್ಚಿಮ ಘಟ್ಟವನ್ನು ಮತ್ತೆ ಜಾಲಾಡಬೇಕಾಗಿದೆ. ಬಾಟಲಿಯಲ್ಲಿಟ್ಟ ಒಂದು ಕಪ್ಪೆಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 2010ರಲ್ಲಿ ಮರಗಪ್ಪೆಗಳ ಒಂದು ಹೊಸ ಕುಲಕ್ಕೆ ವಿಜ್ಞಾನಿಗಳು ರಾಯರ ಹೆಸರನ್ನು ಸೇರಿಸಿ ರಾವೋರ್ಕೆಸ್ಟಿಸ್ ಎಂದು ನಾಮಕರಣ ಮಾಡಿದರು. ಮಳೆಗಾಲದಲ್ಲಿ ಕೊಡಗು, ಮಲೆನಾಡುಗಳ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಕಪ್ಪೆಗಳಲ್ಲಿ ಅನೇಕವು ಈ ಕುಲದವೇ.

ಸಸ್ಯಶಾಸ್ತ್ರಕ್ಕೆ ಹೆಸರಾದದ್ದು ಮರೀನಾ ಕಡಲತಡಿಯ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪಿ.ಎಫ್. ಫೈಸನ್ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದವರು. 1927ರಲ್ಲಿ ಆ ಕಾಲೇಜಿಗೆ ಸೇರಿದ ಎಂ. ಕೃಷ್ಣನ್ ಎಂಬ ತರುಣ ಫೈಸನ್ ಅವರೊಡನೆ ಬೆಟ್ಟಗಳನ್ನು ಸುತ್ತಿದರು. ಫೈಸನ್ನರ ಪತ್ನಿಯಿಂದ ಜಲವರ್ಣದಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಕೃಷ್ಣನ್ 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದು, ಅನಂತರ ಭಾರತದ ಶ್ರೇಷ್ಠ ವನ್ಯಜೀವಿ ಲೇಖಕರಲ್ಲಿ ಒಬ್ಬರಾದರು. ಸಸ್ಯಶಾಸ್ತ್ರ ಓದಿದ್ದು ಅವರಿಗೆ ಸಸ್ಯಶಾಸ್ತ್ರದ ಉದ್ಯೋಗವನ್ನು ಕೊಡಲಿಲ್ಲ. ಕಣ್ಣನ್ನು ಕೊಟ್ಟಿತು.

ಹೆಣ್ಣುಮಕ್ಕಳ ತಂದೆತಾಯಂದಿರು ಇನ್ನೊಂದು ಹೆಸರನ್ನು ನೆನಪಿಡಬೇಕು. ಇ.ಕೆ. ಜಾನಕಿ ಅಮ್ಮಾಳ್ ಕನ್ನಡದವರಲ್ಲ, ಕಣ್ಣೂರು ಕಡೆಯ ತಲಶೇರಿಯವರು. ಆದರೆ ಅವರೂ ನಮ್ಮ ಮಂಗಳೂರಿನವರಂತೆ ಪಡುವಣ ಕರಾವಳಿಯಿಂದ ಓದಿಗಾಗಿ ಈ ಊರಿಗೆ ಬಂದವರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಕಲಿತು, 1921ರಲ್ಲಿ ಪ್ರೆಸಿಡೆನ್ಸಿಯಲ್ಲಿ ಸಸ್ಯಶಾಸ್ತ್ರದ ಆನರ್ಸ್ ಮುಗಿಸಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬೋಧಿಸಿ, ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ಸಂಕರಣ, ಇಂಗ್ಲೆಂಡಿನಲ್ಲಿ ಬೆಳೆಗಳ ವರ್ಣತಂತುಗಳ ಗ್ರಂಥ, ಕೊನೆಗೆ 1984ರಲ್ಲಿ ತೀರಿಕೊಳ್ಳುವವರೆಗೆ ನಮ್ಮ ಮದುರವಾಯಲ್‌ನ ಕ್ಷೇತ್ರ ಪ್ರಯೋಗಾಲಯದಲ್ಲಿ ಔಷಧಿ ಸಸ್ಯಗಳ ನಡುವೆ ಬದುಕು. ಮದುವೆಯ ಮಾತು ಬಂದಾಗ ಅವರು ವಿದ್ಯಾರ್ಥಿವೇತನವನ್ನು ಆರಿಸಿಕೊಂಡರೆಂಬುದು ಪ್ರಸಿದ್ಧ ಸಂಗತಿ.

ಇನ್ನು ನಮ್ಮವರೇ ಆದ ಬಿ.ಜಿ.ಎಲ್. ಸ್ವಾಮಿಯವರ ವಿಷಯ. ಡಿ.ವಿ.ಜಿ.ಯವರ ಪುತ್ರರೆಂದೂ ಹಾಸ್ಯ ಲೇಖಕರೆಂದೂ ಕನ್ನಡಿಗರೆಲ್ಲ ಬಲ್ಲರು. ಅವರು ಎರಡು ದಶಕಗಳಿಗೂ ಮಿಕ್ಕಿ ಈ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿಯೂ ಪ್ರಾಂಶುಪಾಲರಾಗಿಯೂ ಇದ್ದರೆಂಬುದು ನಮ್ಮ ಮಕ್ಕಳಿಗೆ ಗೊತ್ತಿದ್ದಂತಿಲ್ಲ. 1918ರಲ್ಲಿ ಹುಟ್ಟಿದ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೀತಾಳೆ ಹೂಗಳ ಜಾತಿಯ ಸಸ್ಯಗಳಲ್ಲಿ ಭ್ರೂಣ ಹೇಗೆ ಬೆಳೆಯುತ್ತದೆಂದು ಅಭ್ಯಸಿಸಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪಡೆದರು. ಅನಂತರ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಕೆಲಸ ಮಾಡಿದರು.

ಅಲ್ಲಿ ಗುರುಶಿಷ್ಯರು ಕೈಹಾಕಿದ್ದು ಸಣ್ಣ ಪ್ರಶ್ನೆಗಲ್ಲ. ಹೂಬಿಡುವ ಸಸ್ಯಗಳ ಮೂಲರೂಪ ಎಂಥದು? ಸಾಮಾನ್ಯವಾಗಿ ಹೂಗಿಡಗಳ ಕಟ್ಟಿಗೆಯಲ್ಲಿ ನೀರು ಹರಿಯಲು ಉದ್ದನೆಯ ಕೊಳವೆಗಳಿರುತ್ತವೆ. ಸಾರ್ಕಾಂಡ್ರ ಎಂಬ ಸಸ್ಯದಲ್ಲಿ ಅವು ಇಲ್ಲವೆಂದು ಇಬ್ಬರೂ 1950ರಲ್ಲಿ ಪ್ರಕಟಿಸಿದರು. ಮರುವರ್ಷ ಹೂವಿನ ಅಂಡಾಶಯವು ಮಡಿಚಿದ ಎಲೆಯಂತಿರುವುದನ್ನು ಕುರಿತ ಪ್ರಬಂಧ ಹೊರಬಂದಿತು. ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ಸ್ವಾಮಿಯವರು ಗುರುವಿನ ಪೂರ್ತಿ ಹೆಸರನ್ನೇ ಇಟ್ಟರು. ಭಾರತದ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರನ್ನು ಇನ್ನೊಂದು ಗಿಡಕ್ಕಿಟ್ಟರು. ಗುರುದಕ್ಷಿಣೆಯ ಇಂಥ ಕ್ರಮ ಸಸ್ಯಶಾಸ್ತ್ರದಲ್ಲಿ ಮಾತ್ರ ಸಾಧ್ಯವೇನೋ! 1987ರಲ್ಲಿ ಬೇರೊಬ್ಬ ವಿಜ್ಞಾನಿ ಸಾರ್ಕಾಂಡ್ರದ ಕಟ್ಟಿಗೆಯಲ್ಲೂ ಕೊಳವೆಗಳಿವೆಯೆಂದು ತೋರಿಸಿದರು. ಇದರಿಂದ ಸ್ವಾಮಿಯವರ ಹಿರಿಮೆ ಕಡಿಮೆಯಾಗಲಿಲ್ಲ. ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ಎಷ್ಟು ಮಂದಿಯ ಎಷ್ಟು ವರ್ಷಗಳ ನೋಟವಿರುತ್ತದೆಂಬುದು ಇದರಿಂದ ತಿಳಿಯುತ್ತದೆ. ಪ್ರವೇಶ ಪರೀಕ್ಷೆಗೆಂದು ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಹಾಕುವ ಅಭ್ಯಾಸದಲ್ಲೇ ಬೆಳೆದ ಮಕ್ಕಳಿಗೆ ಕಾಲೇಜಿನ ಮೊದಲ ವಾರದಲ್ಲೇ ಹೇಳಬೇಕಾದ ಮಾತು ಇದು.

ಇಂಥವರು ಮದರಾಸಿಗೆ ಬಂದು ಎಳೆಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಹುಡುಗರನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳಿಗೆ ಪ್ರವಾಸ ಹೋದರು. ಆ ಪ್ರವಾಸಗಳಿಂದ ಹುಟ್ಟಿದ್ದೇ 'ಹಸುರು ಹೊನ್ನು'. ಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಮಿಳುನಾಡಿನ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಹೇಳಿದ ಪಾಠ ಕನ್ನಡದ ಪುಸ್ತಕವಾಗಿ ಊರಿಗೆ ಮರಳಿತು. 'ಪ್ರಾಧ್ಯಾಪಕನ ಪೀಠದಲ್ಲಿ' ಎಂಬ ಪುಸ್ತಕದಲ್ಲಿ ಕಾಲೇಜಿನ ಒಳಗಿನ ಸಣ್ಣತನಗಳನ್ನೂ ಅವರು ಬಿಡದೆ ಬರೆದಿದ್ದಾರೆ. ನಿವೃತ್ತಿಯ ಅನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿದ್ದು 1980ರಲ್ಲಿ ನಿಧನರಾದರು.

ಮೇಲೆ ಹೇಳಿದವರಲ್ಲಿ ಒಬ್ಬೊಬ್ಬರಿಗೂ ಎಲ್ಲೋ ಒಂದೆಡೆ ಕೈಹಿಡಿದು ನಡೆಸುವವರು ದೊರೆತರು. ರಾಯರಿಗೆ ಹೆಂಡರ್ಸನ್, ಕೃಷ್ಣನ್‌ಗೆ ಫೈಸನ್ ದಂಪತಿಗಳು, ಸ್ವಾಮಿಯವರಿಗೆ ಬೈಲಿ. ಅಮೆರಿಕದ ಕಾಲೇಜುಗಳಲ್ಲಿ ಇದನ್ನು ಒಂದು ಪದ್ಧತಿಯನ್ನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿ ಅನೇಕ ಕಡೆ ಹುಡುಗ ಸೇರುವಾಗ ಮುಖ್ಯ ವಿಷಯವನ್ನು ನಿರ್ಧರಿಸಬೇಕಾಗಿಲ್ಲ. ಒಬ್ಬ ಸಲಹೆಗಾರ ಅಧ್ಯಾಪಕನ ಬಳಿ ಕುಳಿತು, ಎರಡು ವರ್ಷ ನಾಲ್ಕಾರು ವಿಷಯಗಳ ರುಚಿ ನೋಡಿ, ಆಮೇಲೆ ಜೀವಶಾಸ್ತ್ರವೆಂದು ಬರೆದುಕೊಟ್ಟರೆ ಸಾಕು. ನಮ್ಮಲ್ಲಿ ಹಿಂದೆ ಇಂಟರ್ಮೀಡಿಯೆಟ್ ಇದ್ದಾಗಲೂ ಗುಂಪು ಗೊತ್ತುಮಾಡಿಕೊಂಡೇ ಒಳಗೆ ಹೋಗಬೇಕಾಗಿತ್ತು. 1978ರಲ್ಲಿ ತಮಿಳುನಾಡಿಗೆ ಪ್ಲಸ್ ಟೂ ಬಂದ ಮೇಲೆ ಆ ತೀರ್ಮಾನ ಶಾಲೆಗೇ ಇಳಿಯಿತು. ಹದಿನೈದು ಹದಿನಾರು ವರ್ಷದ ಮಗು ಒಂದು ದಿನದಲ್ಲಿ ಆರಿಸಬೇಕು. 2017ರಿಂದ ಇಲ್ಲೂ ವೈದ್ಯಕೀಯಕ್ಕೆ ನೀಟ್ ಪರೀಕ್ಷೆ ಬಂದದ್ದರಿಂದ ಜೀವಶಾಸ್ತ್ರವೆಂದರೆ ನೀಟ್ ಎಂಬ ಭಾವನೆ ಇನ್ನೂ ಗಟ್ಟಿಯಾಯಿತು. ಸಲಹೆ ಹೇಳುವವರು ಎಂದರೆ ಕೋಚಿಂಗ್ ಕೇಂದ್ರದವರು ಅಥವಾ ಪಕ್ಕದ ಮನೆಯವರು ಎಂಬಂತಾಗಿದೆ.

ಹೀಗಿರುವಾಗ ಆ ಕೆಲಸದ ಸ್ವಲ್ಪ ಭಾಗವನ್ನಾದರೂ ನಾವೇ ಮಾಡಬೇಕು. ಮೊದಲನೆಯದಾಗಿ, ಗುಂಪು ಆರಿಸುವಾಗ ಗಣಿತವನ್ನು ಬಿಡಿಸಬೇಡಿ. ಇಂದಿನ ಜೀವಶಾಸ್ತ್ರ ಲೆಕ್ಕವಿಲ್ಲದೆ ನಡೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೆ ಸೇರಲು ಗಣಿತ ಓದಿರಲೇಬೇಕು. 2011ರಲ್ಲಿ ಆರಂಭವಾದ ಆ ಪದವಿಯಲ್ಲಿ ಮೊದಲು ಎಲ್ಲರಿಗೂ ಸಮಾನ ಪಾಠ, ಮುಖ್ಯ ವಿಷಯದ ಆಯ್ಕೆ ಆಮೇಲೆ. ಅನುಮಾನದಲ್ಲಿರುವ ಮಗುವಿಗೆ ಇದು ಒಳ್ಳೆಯದು. ಇಲ್ಲೇ ಚೆನ್ನೈಯಲ್ಲಿ ಸೇರಿಸುವವರು ಕಟ್ಟಡ, ಶುಲ್ಕ, ಬಸ್ಸು ವಿಚಾರಿಸಿದ ಮೇಲೆ ಇನ್ನೊಂದನ್ನೂ ವಿಚಾರಿಸಲಿ: ಒಣಸಸ್ಯಗಳ ಸಂಗ್ರಹ ಇದೆಯೇ? ವರ್ಷಕ್ಕೆ ಎಷ್ಟು ಸಲ ಹೊರಗೆ ಕರೆದೊಯ್ಯುತ್ತಾರೆ? ಅಧ್ಯಾಪಕರಲ್ಲಿ ಯಾರು ತಾವೇ ಏನಾದರೂ ಸಂಶೋಧನೆ ಮಾಡುತ್ತಿದ್ದಾರೆ? ಬಯೋಟೆಕ್ನಾಲಜಿ ಎಂಬ ಹೊಳೆಯುವ ಹೆಸರಿಗೆ ಮನಸೋತು, ಹಳೆಯ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳನ್ನು ನೋಡದೆಯೇ ತಳ್ಳಿಹಾಕುವುದು ಬುದ್ಧಿವಂತಿಕೆಯಲ್ಲ. ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಉನ್ನತ ಅಧ್ಯಯನ ಕೇಂದ್ರ ಗಿಂಡಿ ಆವರಣದಲ್ಲೇ ಇದೆ. ಪಾಚಿಗಳ ಅಧ್ಯಯನಕ್ಕೆ ಭಾರತದಲ್ಲಿ ಅಡಿಪಾಯ ಹಾಕಿದ ಎಂ.ಒ.ಪಿ. ಅಯ್ಯಂಗಾರ್ ಅವರ ಪರಂಪರೆ ಅದು.

ಡಾಕ್ಟರಾಗಬೇಕೆಂದು ನಿಜವಾಗಿ ಬಯಸುವ ಮಗು ಡಾಕ್ಟರಾಗಲಿ. ಅದಕ್ಕೆ ನಮ್ಮ ಆಕ್ಷೇಪಣೆ ಏನೂ ಇಲ್ಲ. ಆದರೆ ಬಯಕೆ ಮಗುವಿನದೋ ನಮ್ಮದೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಅದಕ್ಕೆ ಬಹಳ ಖರ್ಚಿಲ್ಲ. ಒಂದು ಭಾನುವಾರ ಎಗ್ಮೋರಿನ ವಸ್ತುಸಂಗ್ರಹಾಲಯದ ಪ್ರಾಣಿಶಾಸ್ತ್ರದ ಕೋಣೆಗಳು, ಇನ್ನೊಂದು ಭಾನುವಾರ ಪಳ್ಳಿಕರಣೈ ಜೌಗಿನ ಅಂಚು. ವಲಸೆ ಹಕ್ಕಿಗಳು ಬರುವ ಮಾರ್ಗಶಿರ, ಪುಷ್ಯ ಮಾಸಗಳು ಅದಕ್ಕೆ ಸರಿಯಾದ ಕಾಲ. ಅರ್ಧ ಗಂಟೆಯಲ್ಲಿ ಮೊಬೈಲು ತೆಗೆಯುವ ಮಗು ಯಾವುದು, ಮನೆಗೆ ಹೋಗೋಣವೆಂದರೂ ಕದಲದ ಮಗು ಯಾವುದು ಎಂಬುದು ತಂದೆತಾಯಿಗೆ ತಾನಾಗಿ ತಿಳಿಯುತ್ತದೆ.

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. 'ಹಸುರು ಹೊನ್ನು' ಮನೆಯಲ್ಲಿದ್ದರೆ ರಾತ್ರಿ ಊಟವಾದ ಮೇಲೆ ದಿನಕ್ಕೆ ನಾಲ್ಕು ಪುಟ ಹಿರಿಯರೇ ಗಟ್ಟಿಯಾಗಿ ಓದಿ ಹೇಳಬಹುದು. ಗಿಡಗಳ ಶಾಸ್ತ್ರೀಯ ಹೆಸರು ಬಂದಾಗ ಮಕ್ಕಳು ನಮಗೆ ಹೇಳಿಕೊಡುತ್ತಾರೆ, ಹಳ್ಳಿಯ ಹೆಸರು ಬಂದಾಗ ನಾವು ಅವರಿಗೆ.