ಬಗಲಾಗ ಕೂಸು, ಮುಂದ ಮುಂಬೈ

ಹೋದ ಮಾರ್ಚ್ ತಿಂಗಳ ನಮ್ಮನಿಯವರಿಗೆ ಕಂಪನಿ ಕೆಲಸದ ಮ್ಯಾಲ ನಾಲ್ಕು ದಿನ ಮುಂಬೈಗೆ ಹೋಗೋದಿತ್ತು. "ನೀನೂ ಬಾ, ರೂಮಿನ ಖರ್ಚು ಹೆಂಗೂ ಕಂಪನಿಯವರದು" ಅಂದ್ರು. ಕೂಸಿಗೆ ಆಗ ಎಂಟು ತಿಂಗಳು. ಸುದ್ದಿ ಕೇಳಿದ ಕೂಡ್ಲೆ ಅತ್ತಿಯವರು, "ಅಂವ ಮೀಟಿಂಗಿಗೆ ಹೋದ ಮ್ಯಾಲ ಆ ಊರಾಗ ಕೂಸಿನ್ನ ಹೊತಗೊಂಡು ಎಲ್ಲಿ ಅಡ್ಡಾಡ್ತಿ? ಅದರ ನೀರು ಬಿದ್ದು ಹೊಟ್ಟಿ ಕೆಟ್ರ ಏನು ಗತಿ?" ಅಂದ್ರು. ನಾನು ಹಟ ಹಿಡದು ಹೊಂಟೆ. ಆದ್ರ ಆ ನೀರಿನ ಮಾತು ಮಾತ್ರ ತಲಿಯೊಳಗ ಕುಂತಿತ್ತು.

ನಮ್ಮ ರೂಮು ಇದ್ದದ್ದು ಫೋರ್ಟ್ ಅನ್ನೋ ಹಳೇ ಭಾಗದಾಗ. ಕೋಟಿ ಎಲ್ಲಿ ಅದ ಅಂತ ಹುಡುಕಬ್ಯಾಡ್ರಿ. 1860ರ ದಶಕದಾಗನ ಅದರ ಗ್ವಾಡಿ ಕೆಡವಿ ಹಾಕ್ಯಾರ, ಹೆಸರಷ್ಟ ಉಳದದ. ಮೊದಲನೇ ದಿನ ಮುಂಜಾನೆ ಇವರು ಕೋಟು ಹಾಕ್ಕೊಂಡು ಹೋದ ಮ್ಯಾಲ ನಾನು ಕೂಸಿನ್ನ ಎದಿಗೆ ಕಟಗೊಂಡು ರೇಲ್ವೆ ಸ್ಟೇಶನ್ ನೋಡಲಿಕ್ಕೆ ಹೊಂಟೆ. ಮೊದಲಿಗೆ ವಿಕ್ಟೋರಿಯಾ ಟರ್ಮಿನಸ್ ಅಂತಿದ್ರಲ್ಲ, ಅದ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅನ್ನೋ ಎಂಜಿನಿಯರ್ ನಕ್ಷೆ ಹಾಕಿ ಹತ್ತು ವರ್ಷ ಕಟ್ಟಿಸಿದ್ದು, 1888ರಾಗ ಮುಗೀತು. ಗೇಟಿನ ಕಂಬದ ಮ್ಯಾಲ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಇಂಗ್ಲಂಡಂತ, ಹುಲಿ ನಾವಂತ. ನನ್ನ ಮಗಳು ಎರಡನ್ನೂ ಬಿಟ್ಟು ಪಾರಿವಾಳ ನೋಡಿ ನಕ್ಕಳು.

ಹನ್ನೊಂದು ಹೊಡದಿರಬೇಕು, ಝಳ ಹತ್ತಿತು, ಅಕಿ ಹಸದು ಒದರಲಿಕ್ಕೆ ಶುರು ಮಾಡಿದಳು. ಹಾಲು ಕುಡಸಲಿಕ್ಕೆ ಎಲ್ಲಿ ಕೂಡೋದು? ಒಂದು ದೊಡ್ಡ ಬಿಲ್ಡಿಂಗಿನ ಮೆಟ್ಟಲ ಮ್ಯಾಲ ನೆರಳಿತ್ತು, ಸೆರಗು ಹೊಚಗೊಂಡು ಕೂತೆ. ಎರಡು ನಿಮಿಷದಾಗ ವಾಚ್‌ಮನ್ ಬಂದು ಏಳ್ರಿ ಅಂದ. ಅಂವಂದೇನು ತಪ್ಪು, ಯಾರೋ ಹೇಳಿ ಕಳಸಿದ್ರು. ಆದ್ರೂ ಕಣ್ಣಾಗ ನೀರು ಬಂತು. ಅಳೋ ಕೂಸಿನ್ನ ಹೊತಗೊಂಡು ಓಣಿ ಓಣಿ ತಿರಗ್ಯಾಡಿ ಮಿಂಟ್ ರೋಡಿಗೆ ಬಂದೆ. ಅಲ್ಲೊಂದು ಕಲ್ಲಿನ ಕಾರಂಜಿ. ಅದರ ಹತ್ರ ಲಿಂಬಿಹಣ್ಣು ಮಾರೋ ಒಬ್ಬ ಮೌಶಿ ಕೂತಿದ್ರು. ನನ್ನ ಮಾರಿ ನೋಡಿ ಏನೂ ಕೇಳದ ತಮ್ಮ ಬುಟ್ಟಿ ಸರಿಸಿ ಜಾಗಾ ಮಾಡಿಕೊಟ್ರು, ತಾವು ರಸ್ತೆ ಕಡೆ ಅಡ್ಡ ಕೂತ್ರು. ಕೂಸು ಕುಡದು ಮಲಗಿತು. ಆಮ್ಯಾಲ ನಾನು ತಲಿ ಎತ್ತಿ ನೋಡಿದೆ. ಕಾರಂಜಿ ತುದಿಗೆ ಒಬ್ಬ ಹುಡುಗ, ಕೈಯಾಗ ಪುಸ್ತಕ.

ಅಂವ ಯಾರು ಅಂತ ರಾತ್ರಿ ರೂಮಿನ್ಯಾಗ ಓದಿ ತಿಳಕೊಂಡೆ. ರತನ್‌ಸಿ ಮೂಲ್‌ಜಿ ಜೇಠಾ ಅಂತ ಹತ್ತಿ ವ್ಯಾಪಾರಿ ಇದ್ರು. ಅವರ ಒಬ್ಬನ ಮಗ ಹದಿನೈದನೇ ವಯಸ್ಸಿಗೆ, 1889ರಾಗ, ತೀರಿಕೊಂಡ. ಅವನ ನೆನಪಿಗೆ ಅಪ್ಪ ಕಟ್ಟಿಸಿದ ಕುಡಿಯೋ ನೀರಿನ ಕಾರಂಜಿ ಅದು, 1894ರದು. ನಕ್ಷೆ ಯಾರದು ಅಂತೀರಿ? ಸ್ಟೇಶನ್ ಕಟ್ಟಿಸಿದ ಅದ ಸ್ಟೀವನ್ಸರದು.

ಇಂಥ ಕಾರಂಜಿಗಳಿಗೆ ಅಲ್ಲಿ ಪ್ಯಾವು ಅಂತಾರ. ನಮ್ಮ ಕಡೆ ಬ್ಯಾಸಗಿಗೆ ಅರವಟ್ಟಿಗಿ ಇಡತೇವಲ್ಲ, ಅದರ ಕಲ್ಲಿನ ರೂಪ ಅನ್ರಿ. ಮ್ಯಾಲ ಮನಷ್ಯಾರಿಗೆ ನೀರು, ಕೆಳಗ ಎತ್ತು ಕುದರಿಗೆ ತೊಟ್ಟಿ. ಮನ್ಯಾಗಿನವರು ತೀರಿಕೊಂಡ್ರ ಅವರ ಹೆಸರಿಲೆ ಇಂಥಾವು ಕಟ್ಟಿಸೋದು ಸಾಹುಕಾರರ ರೂಢಿ ಆಗಿತ್ತು.

ನೀರು ದಾನ ಮಾಡೋದು ಅಷ್ಟು ದೊಡ್ಡದು ಯಾಕಾತು ಅಂದ್ರ, ಆ ಊರಿಗೆ ಮೊದಲಿಂದ ನೀರಿಂದ ಚಿಂತಿ. ಸುತ್ತಲೂ ಸಮುದ್ರ, ಕುಡಿಯೋದು ಮಾತ್ರ ಭಾವಿ ಮತ್ತ ಕೆರಿ ನೀರು. ಚರ್ಚ್‌ಗೇಟ್ ಹತ್ರ ಭೀಖಾ ಬೆಹ್ರಾಂ ಅನ್ನೋ ಪಾರ್ಸಿಯವರು 1725ರಾಗ ತೋಡಿಸಿದ ಭಾವಿ ಅದ, ಸಮುದ್ರದ ಮಗ್ಗಲಕ ಇದ್ರೂ ಸೀ ನೀರು. ಒಳಗ ಪಾರ್ಸಿಗಳನ್ನಷ್ಟ ಬಿಡತಾರ, ನಾನು ಹೊರಗಿಂದ ಕೈ ಮುಗದು ಬಂದೆ. ಧೋಬಿ ತಲಾವ್ ಅನ್ನೋ ಕಡೆ ಹೋದ್ರ ಹೆಸರಿನ್ಯಾಗಷ್ಟ ಕೆರಿ. 1850ರ ದಶಕದಾಗ ಮಳಿ ಕೈ ಕೊಟ್ಟು ಊರು ಒಣಗಿದ ಮ್ಯಾಲ ಸರಕಾರ ಎಚ್ಚರಾತು. 1860ರಾಗ ವಿಹಾರ್ ಕೆರಿ ಕಟ್ಟಿ ಮುಗಿಸಿ ಪೈಪಿನ್ಯಾಗ ಊರಿಗೆ ನೀರು ತಂದ್ರು, ಆಮ್ಯಾಲ ತುಳಸಿ, ತಾನಸಾ. ಕೂಸಿಗೆ ಕುದಿಸಿ ಆರಿಸಿದ ನೀರು ಚಮಚಾಲೆ ಹಾಕುವಾಗ ಇದೆಲ್ಲಾ ನೆನಪಾತು.

ಎರಡನೇ ದಿನ ಕಾಮಾ ದವಾಖಾನಿ ಮುಂದ ಹಾದು ಹೋದೆ. ಇದರ ಕಥಿ ಪ್ರತಿಯೊಬ್ಬ ಹೆಣಮಗಳೂ ಕೇಳಬೇಕು. ಆಗಿನ ಕಾಲಕ್ಕ ಗಂಡು ಡಾಕ್ಟರಿಗೆ ಮೈ ತೋರಿಸೋದಕ್ಕಿಂತ ಸಾಯೋದು ಲೇಸು ಅಂತಿದ್ರು ನಮ್ಮ ಹೆಣ್ಮಕ್ಕಳು, ಸಾಯ್ತಿದ್ರು ಸುದ್ಧಾ. ಸೊರಾಬ್‌ಜಿ ಬೆಂಗಾಲಿ ಅನ್ನೋ ಪಾರ್ಸಿಯವರು, ಜಾರ್ಜ್ ಕಿಟ್ರೆಜ್ ಅನ್ನೋ ಅಮೆರಿಕದ ವ್ಯಾಪಾರಿ ಕೂಡಿ, ಹೆಣ್ಣು ಡಾಕ್ಟರನ್ನ ಕರಸಬೇಕು ಅಂತ ರೊಕ್ಕ ಕೂಡಿಸಿದ್ರು. ಪೇಸ್ತನ್‌ಜಿ ಕಾಮಾ ಒಂದು ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ರು. 1883ರಾಗ ಅಡಿಗಲ್ಲು, 1886ಕ್ಕ ಬಾಗಿಲು ತೆಗದದ್ದು.

ಮೊದಲ ಡಾಕ್ಟರಾಗಿ ಬಂದಾಕಿ ಎಡಿತ್ ಪೀಚಿ. 1869ರಾಗ ಎಡಿನ್‌ಬರೋ ಯುನಿವರ್ಸಿಟಿಯೊಳಗ ಡಾಕ್ಟರಕಿ ಓದತೇವಿ ಅಂತ ಹೋದ ಮೊದಲ ಹೆಣ್ಮಕ್ಕಳಾಗ ಅಕಿನೂ ಒಬ್ಬಾಕಿ. ರಸಾಯನಶಾಸ್ತ್ರದಾಗ ಅಕಿಗೆ ಸಿಗಬೇಕಾದ ಸ್ಕಾಲರ್‌ಶಿಪ್ಪನ್ನ ಕಡಿಮಿ ಮಾರ್ಕ್ಸಿನ ಗಂಡಸಿಗೆ ಕೊಟ್ಟು ಕೈ ತೊಳಕೊಂಡ್ರು. ಅಲ್ಲಿ ಬಾಗಿಲು ಹಾಕಿದ್ರು, ಇಲ್ಲಿ ಬಂದು ನಮ್ಮವರ ಬಾಣಂತನ ಮಾಡಿದಳು.

ರಖಮಾಬಾಯಿ ಹೆಸರು ಕೇಳೀರಿ. ಹನ್ನೊಂದಕ್ಕ ಲಗ್ನಾಗಿ, ದೊಡ್ಡಾಕಿ ಆದ ಮ್ಯಾಲ ಗಂಡನ ಮನಿಗೆ ಹೋಗೂದಿಲ್ಲ ಅಂದಾಕಿ. ಗಂಡ ಕೋರ್ಟಿಗೆ ಹೋದ. 1887ರಾಗ ಜಡ್ಜ್ ಸಾಹೇಬ್ರು "ಗಂಡನ ಮನಿಗೆ ಹೋಗು, ಇಲ್ಲಾ ಆರು ತಿಂಗಳ ಜೇಲಿಗೆ ಹೋಗು" ಅಂದ್ರ, ಜೇಲಾದ್ರೂ ಅಡ್ಡಿ ಇಲ್ಲ ಅಂದಳು. ಮುಂದಿನ ವರ್ಷ ಎರಡು ಸಾವಿರ ರೂಪಾಯಿ ಮ್ಯಾಲ ರಾಜಿ ಆತು. ಎಡಿತ್ ಪೀಚಿ ಮತ್ತ ನಾಲ್ಕು ಮಂದಿ ಬೆನ್ನಿಗೆ ನಿಂತು ಲಂಡನ್ನಿಗೆ ಕಳಸಿದ್ರು. ಡಾಕ್ಟರಾಗಿ ಹೊಳ್ಳಿ ಬಂದು ಮೊದಲಿಗೆ ಇದ ಕಾಮಾದೊಳಗ ಕೆಲಸ ಮಾಡಿದಳು, ಆಮ್ಯಾಲ ಸೂರತ್ತಿಗೆ ಹೋದಳು.

ಇನ್ನೊಂದು ಮಾತು. 2008ರ ನವೆಂಬರ್ 26ರ ರಾತ್ರಿ ಬಂದೂಕು ಹಿಡದವರು ಈ ದವಾಖಾನಿಯೊಳಗೂ ನುಗ್ಗಿದ್ರು. ನರ್ಸ್ ಒಬ್ಬರು ತಮ್ಮ ವಾರ್ಡಿನ ಬಸುರಿ ಹೆಣ್ಮಕ್ಕಳನ್ನೆಲ್ಲಾ ಒಂದು ಸಣ್ಣ ಅಡಿಗಿ ಖೋಲಿಯೊಳಗ ಮುಚ್ಚಿಟ್ಟು ಕಾಪಾಡಿದ್ರು. ಆ ಗದ್ದಲದಾಗನ ಒಂದು ಕೂಸೂ ಹುಟ್ಟಿತು. ಗೇಟಿನ ಮುಂದ ನಿಂತು ನಾನು ಮಗಳ ಟೊಪಿಗಿ ಸರಿ ಮಾಡಿದೆ, ಸುಮ್ಮನ.

ಗುರುವಾರ ಟ್ಯಾಕ್ಸಿ ಮಾಡಿ ಭಾಯಖಳದ ರಾಣಿಬಾಗಿಗೆ ಹೋದ್ವಿ. (ಬುಧವಾರ ಬಂದ್ ಇರತದ, ನೆನಪಿಡ್ರಿ.) ಅಲ್ಲಿ ಮ್ಯೂಜಿಯಮ್ ಮಗ್ಗಲಕ ಒಂದು ಕರೀ ಕಲ್ಲಿನ ಆನಿ ನಿಂತದ. ಘಾರಾಪುರಿ ದ್ವೀಪಕ್ಕ ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನಿ ನೋಡಿನ. 1864ರಾಗ ಇದನ್ನ ಇಂಗ್ಲಂಡಿಗೆ ಸಾಗಸಲಿಕ್ಕೆ ಹೋಗಿ, ಎತ್ತುವಾಗ ಬಿದ್ದು ಚೂರಾತು. ಚೂರುಗಳನ್ನ ಇಲ್ಲಿಗೆ ತಂದು 1914ರಾಗ ಜೋಡಿಸಿ ನಿಲ್ಲಿಸಿದ್ರು. ನನ್ನ ಮಗಳು ಅದರ ಕಾಲು ಬಡದು ಬಡದು ಆಡಿದಳು.

ಆ ಕಡೆ ಹೊಳ್ಳಿದ್ರ ಗಿರಣಿ ಸೀಮಿ. ಟ್ಯಾಕ್ಸಿಯವ ಒಂದೆರಡು ಹಳೇ ಚಿಮಣಿ ತೋರಿಸಿದ. ಹತ್ತಿ ಗಿರಣಿಯೊಳಗ ಸಾವಿರಾರು ಹೆಣ್ಮಕ್ಕಳು ದುಡೀತಿದ್ರು. ಕೂಸು ಏನು ಮಾಡಬೇಕು? ಬಾಳಗೋಳಿ ಅಂತ ಅಫೀಮಿನ ಗುಳಿಗಿ ಕೊಟ್ಟು ಮಲಗಿಸಿ ಹೋಗತಿದ್ರು. ಸಂಜಿತನಾ ಮಲಗತಿತ್ತು, ಹಾಲೂ ಬೇಡತಿರಲಿಲ್ಲ. ಬೈಬ್ಯಾಡ್ರಿ ಅವರನ್ನ. ನಮ್ಮ ಅಜ್ಜಿನೂ ಸುಗ್ಗಿ ಕಾಲಕ್ಕ ಹೊಲದ ಹೆಣ್ಮಕ್ಕಳು ಸಾಸವಿ ಕಾಳಿನಷ್ಟು ಅಫೀಮು ನೆಕ್ಕಸತಿದ್ರು ಅಂತಿದ್ದಳು. ಒಂದ ಖೋಲಿಯೊಳಗ ಎರಡು ಮೂರು ಸಂಸಾರ, ಹೊಗಿ, ಹೊಲಸು ನೀರು. 1921ರ ಲೆಕ್ಕದಾಗ ಮುಂಬೈಯೊಳಗ ಹುಟ್ಟಿದ ಸಾವಿರ ಕೂಸಿನ್ಯಾಗ ಆರು ನೂರಕ್ಕೂ ಹೆಚ್ಚು ವರ್ಷ ತುಂಬೋದ್ರಾಗ ಹೋಗ್ಯಾವ. ಆ ಸಂಖ್ಯೆ ಓದಿ ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ, ಎರಡು ಸರ್ತೆ ಎದ್ದು ಮಗಳ ಉಸಿರು ನೋಡಿದೆ.

ಸರಕಾರ ಬಾರ್ನ್ಸ್ ಅನ್ನೋ ಹೆಣ್ಣು ಡಾಕ್ಟರನ್ನ ಗಿರಣಿ ಹೆಣ್ಮಕ್ಕಳ ಸ್ಥಿತಿ ನೋಡಲಿಕ್ಕೆ ಕಳಿಸ್ತು, ಅಫೀಮಿನ ಸುದ್ದಿನೂ ಅವರು ಬರದ್ರು. 1929ಕ್ಕ ಮುಂಬೈ ಪ್ರಾಂತದಾಗ ಬಾಣಂತಿಯರಿಗೆ ರಜಾ ಮತ್ತ ರೊಕ್ಕ ಕೊಡೋ ಕಾಯದೆ ಬಂತು. ಇಡೀ ದೇಶಕ್ಕ ಅದ ಮೊದಲನೇದು. ನನ್ನ ತಂಗಿ ಬ್ಯಾಂಕಿನ್ಯಾಗ ಆರು ತಿಂಗಳ ರಜಾ ತಗೊಂಡಾಗ ಅದು ಎಲ್ಲಿಂದ ಶುರುವಾತು ಅಂತ ಯಾರಿಗೆ ಗೊತ್ತಿತ್ತು?

ಕಡೀ ದಿನ ಇವರು, "ನಾನಂತೂ ನಾಲ್ಕು ದಿನ ಒಂದ ಎಸಿ ಖೋಲಿ ನೋಡಿದೆ. ನೀ ಏನು ನೋಡಿದಿ?" ಅಂದ್ರು. ಗೇಟ್‌ವೇ ನೋಡಿಲ್ಲ ಅಂತ ಹೇಳಿದ್ದಕ್ಕ ನಕ್ಕರು. ಸಂಜಿಮುಂದ ಅವರನ್ನ ಮಿಂಟ್ ರೋಡಿಗೆ ಕರಕೊಂಡು ಹೋದೆ. ಮೌಶಿ ಇದ್ದಿದ್ದಿಲ್ಲ, ಬುಟ್ಟಿ ಇಡೋ ಜಾಗಾದಾಗ ಸ್ಕೂಟರ್ ನಿಂತಿತ್ತು.

ಊರಿಗೆ ಬಂದು ಅತ್ತಿಯವರ ಮುಂದ ಎಲ್ಲಾ ಹೇಳಿದೆ. ಕೂಸಿನ ಹೊಟ್ಟಿ ಮುಟ್ಟಿ ನೋಡಿ ಸಮಾಧಾನ ಆದ ಮ್ಯಾಲ, ಕಾಮಾ ಅಂದ ಕೂಡ್ಲೆ ಅವರು ಅಕ್ಕಿ ಆರಿಸೋದು ನಿಲ್ಲಿಸಿದ್ರು. "ನಮ್ಮ ಸೋದರತ್ತಿ ಅಲ್ಲೇ ಹಡದಿದ್ದಳಲ್ಲ" ಅಂದ್ರು. 1956ರ ತನಕಾ ನಮ್ಮ ಧಾರವಾಡಾನೂ ಮುಂಬೈ ರಾಜ್ಯದಾಗ ಇತ್ತು, ನೌಕರಿ ಅಂದ್ರ ಅಲ್ಲಿಗೇ. ಆ ಸೋದರತ್ತಿ ಯಜಮಾನರು ರೇಲ್ವೆದಾಗ ಕಾರಕೂನ. ಎರಡು ಕೂಸು ಹೋಗಿದ್ವಂತ, ಮೂರನೇದ್ದು ಕಾಮಾದಾಗ ಹುಟ್ಟಿ ಉಳೀತಂತ. "ಯಾರು ಉಳದದ್ದು?" ಅಂತ ಕೇಳಿದೆ. "ನಿನ್ನ ಲಗ್ನದಾಗ ಪಂಕ್ತಿಯೊಳಗ ಕೂತು ಮೂರು ಸರ್ತೆ ತುಪ್ಪ ಹಾಕಿಸಿಕೊಂಡ್ರಲ್ಲ, ಅವರ" ಅಂದು ಮತ್ತ ಅಕ್ಕಿ ಆರಿಸಲಿಕ್ಕೆ ಹತ್ತಿದ್ರು.